ಕ್ರೀಡಾಕೂಟ ಮುಗಿದ ಮೇಲೆ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕ್ರೀಡಾಕೂಟಗಳಲ್ಲಿ ನಿಮ್ಮಲ್ಲಿ ಹಲವರು ಓಡಿರುತ್ತೀರಿ. ಪದವಿ ಮುಗಿದೊಡನೆ ಅನೇಕರು ಓಟದ ಬೂಟನ್ನು ಅಟ್ಟಕ್ಕೆ ಹಾಕುತ್ತಾರೆ. ತರಬೇತಿ ನಿಂತ ಕೆಲವೇ ವಾರಗಳಲ್ಲಿ ದಮ್ಮು ಕುಗ್ಗತೊಡಗುತ್ತದೆ. ಊಟ ಮಾತ್ರ ಓಟಗಾರನದೇ ಉಳಿದಿರುತ್ತದೆ!

ಆದರೆ ಅಥ್ಲೆಟಿಕ್ಸ್ ಅಷ್ಟು ಬೇಗ ಯಾರನ್ನೂ ಹೊರಗಟ್ಟುವುದಿಲ್ಲ. 35 ತುಂಬಿದವರಿಗೆಂದೇ ಮಾಸ್ಟರ್ಸ್ ಕೂಟಗಳಿವೆ. ಇದರ ಮೊದಲ ವಿಶ್ವಕೂಟ 1975ರಲ್ಲಿ ಟೊರಾಂಟೊದಲ್ಲಿ ನಡೆಯಿತು. ಇಲ್ಲಿ ಐದೈದು ವರ್ಷಕ್ಕೊಂದು ವಯೋವರ್ಗ. ಪುರುಷರ 7.26 ಕಿಲೋ ಗುಂಡು 50ರ ವಯಸ್ಸಿಗೆ 6 ಕಿಲೋ ಆಗುತ್ತದೆ, 80ಕ್ಕೆ 3 ಕಿಲೋ. ಇದನ್ನು ರಿಯಾಯಿತಿ ಎನ್ನಬೇಡಿ, ನ್ಯಾಯ ಎನ್ನಿ.

ಸ್ಪರ್ಧೆಯೇ ಬೇಡವೆನ್ನುವವರಿಗೂ ದಾರಿಯುಂಟು. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ನಮ್ಮ ಅಶ್ವಿನಿ ನಾಚಪ್ಪ, ಓಟ ನಿಲ್ಲಿಸಿದ ಬಳಿಕ ಕೊಡಗಿನ ಗೋಣಿಕೊಪ್ಪದಲ್ಲಿ ಪತಿಯೊಡನೆ ಶಾಲೆ ಕಟ್ಟಿದರು. ಅಲ್ಲಿ ಪಾಠದಷ್ಟೇ ಆಟಕ್ಕೂ ಸ್ಥಾನವಿದೆ. ಪದಕಗಳಿಗಿಂತ ಈ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಎಲ್ಲರೂ ಶಾಲೆ ಕಟ್ಟಲಾರರು, ನಿಜ. ಊರ ಮಕ್ಕಳ ಓಟಕ್ಕೆ ಗಡಿಯಾರ ಹಿಡಿದು ನಿಲ್ಲಬಹುದು, ಭಾನುವಾರ ಮಾಕಳಿದುರ್ಗ ಹತ್ತಬಹುದು. ಹಿಂದೆ ಓಡುತ್ತಿದ್ದ ಚಿಕ್ಕಪ್ಪನೋ ಅತ್ತೆಯೋ ಮನೆಯಲ್ಲಿದ್ದರೆ ಅವರನ್ನೂ ಕರೆದೊಯ್ಯಿರಿ. ಬಿಟ್ಟು ಬಹಳ ವರ್ಷಗಳಾಗಿದ್ದರೆ ಅವರು ಮೊದಲು ವೈದ್ಯರನ್ನು ಕಂಡು, ನಡಿಗೆಯಿಂದ ಆರಂಭಿಸಲಿ.