ನೆರೆಯಲ್ಲಿ ಉಳಿದ ನಾಣ್ಯಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾಣ್ಯ ಕೂಡಿಸುವವರು ಬಹಳ ಜನ ಇದ್ದಾರೆ. ಅವರ ಹತ್ತಿರ ವಿಜಯನಗರದ ವರಹ, ಟಿಪ್ಪುವಿನ ಆನೆ ಕಾಸು ಇರುತ್ತವೆ. ನನ್ನ ಹತ್ತಿರ ಅಂಥವು ಇಲ್ಲ. ನಾನು ಕೂಡಿಸಿದ್ದು ಹೊಳೆ ಬಂದು ಮನೆ ಬಿದ್ದಾಗ ಮಣ್ಣಿನಡಿ ಸಿಕ್ಕು, ಮತ್ತೆ ಹೊರಗೆ ಬಂದ ಸಾದಾ ನಾಣ್ಯಗಳನ್ನು. ತುಂಗಭದ್ರೆಯ ದಂಡೆಯ ಊರಿನವನಿಗೆ ಈ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊಳೆಯ ಆಚೆಗಿನ ಹರಿಹರ ಮೈಸೂರಿನದು, ಈಚೆಗಿನ ನಾವು ಮುಂಬಯಿ ಪ್ರಾಂತದವರು. 1956ರ ತನಕ ಹಾಗೇ ಇತ್ತು. ನಡುವೆ 1868ರಲ್ಲಿ ಕಟ್ಟಿ ಮುಗಿಸಿದ ಕಮಾನುಗಳ ಸೇತುವೆ. ಸೇತುವೆ ದಾಟುವಾಗ ಕೈಮುಗಿದು ಹೊಳೆಗೆ ಚಿಲ್ಲರೆ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಹುಡುಗರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಅದನ್ನು ಹಿಡಿಯುತ್ತಾರೆ. ಆದರೆ ಎಲ್ಲ ನಾಣ್ಯವೂ ಅಂಟುವುದಿಲ್ಲ. 1950ರ ದಶಕದ ಶುದ್ಧ ನಿಕ್ಕಲ್ ರೂಪಾಯಿ ಅಂಟುತ್ತದೆ, ಈಗಿನ ಸ್ಟೀಲ್ ರೂಪಾಯಿ ಅಂಟುತ್ತದೆ. ಇವೆರಡರ ನಡುವೆ ಬಂದ ತಾಮ್ರ-ನಿಕ್ಕಲ್ ಮಿಶ್ರಣದ್ದು ಅಂಟದು. ಅದು ಹೊಳೆಯಲ್ಲೇ ಉಳಿಯುತ್ತದೆ.

ನೆರೆಯ ಕೆಸರು ಒಂದೊಂದು ಲೋಹಕ್ಕೆ ಒಂದೊಂದು ರೀತಿ. ಬೆಳ್ಳಿ ಕಪ್ಪಾಗುತ್ತದೆ, ಆದರೆ ಅಕ್ಷರ ಉಳಿಯುತ್ತದೆ. ತಾಮ್ರ ಹಸಿರು ಕಟ್ಟುತ್ತದೆ. ನಮ್ಮ ಕಾಲದ ಒಂದು, ಎರಡು, ಮೂರು ಪೈಸೆಯ ಹಗುರ ಅಲ್ಯುಮಿನಿಯಂ ಬಿಲ್ಲೆಗಳ ಗತಿ ಬಹಳ ಕೆಟ್ಟದ್ದು. ಸುಣ್ಣ, ಒಲೆಯ ಬೂದಿ ಬೆರೆತ ಕೆಸರು ಅವನ್ನು ತಿಂದು ಬಿಳಿ ಪುಡಿ ಮಾಡಿಬಿಡುತ್ತದೆ. ಇಂಥ ಒಂದು ಮೂರು ಪೈಸೆ ನನ್ನಲ್ಲಿದೆ, ಅರ್ಧ ಚಂದ್ರನ ಹಾಗೆ ಆಗಿದೆ. ಮಾರಲು ಹೋದರೆ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ.

ಹೊರದೇಶದಲ್ಲಿ ಹಾಗಲ್ಲ. 1857ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹತ್ತಿರ ಬಿರುಗಾಳಿಗೆ ಸಿಕ್ಕು 'ಸೆಂಟ್ರಲ್ ಅಮೆರಿಕ' ಎಂಬ ಹಡಗು ಬಂಗಾರದ ಸಮೇತ ಮುಳುಗಿತು. 1988ರಲ್ಲಿ ಅದು ಸಿಕ್ಕಿತು. ಆ ಹಡಗಿನ ನಾಣ್ಯವೆಂದು ಚೀಟಿ ಇದ್ದರೆ ಅದೇ ವರ್ಷದ ಬೇರೆ ನಾಣ್ಯಕ್ಕಿಂತ ಹೆಚ್ಚು ಬೆಲೆ. ನಮ್ಮ ಕಡೆಯದೇ ಒಂದು ಸಂಗತಿ ಇದೆ. ಸೂರತ್ತಿನ ಟಂಕಸಾಲೆಯಲ್ಲಿ ಔರಂಗಜೇಬನ ಹೆಸರಿನಲ್ಲಿ ಅಚ್ಚಾದ ಬೆಳ್ಳಿ ರೂಪಾಯಿಗಳು ಶ್ರೀಲಂಕೆಯ ದಕ್ಷಿಣದ ಬಂಡೆಗಳ ಬಳಿ ಹಡಗಿನೊಡನೆ ಮುಳುಗಿದ್ದವು. 1961ರಲ್ಲಿ ಲೇಖಕ ಆರ್ಥರ್ ಕ್ಲಾರ್ಕ್ ಅವರ ತಂಡದವರು ಅವನ್ನು ಕಂಡರು. ಚೀಲ ಕೊಳೆತು ಹೋಗಿತ್ತು. ಆದರೆ ಸುಮಾರು ಸಾವಿರ ರೂಪಾಯಿ ಒಂದಕ್ಕೊಂದು ಅಂಟಿಕೊಂಡು ಚೀಲದ ಆಕಾರದಲ್ಲೇ ಗಟ್ಟಿಯಾಗಿದ್ದವು. ಬಿಡಿಸಿ ತೊಳೆದರೆ ಹೊಳೆಯುವ ರೂಪಾಯಿ ಸಿಕ್ಕೀತು, ಚೀಲ ಹೋದೀತು.

2019ರ ಆಗಸ್ಟಿನಲ್ಲಿ ವರದಾ, ತುಂಗಭದ್ರೆ ಎರಡೂ ತುಂಬಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಣ್ಣಿನ ಮನೆ ಬಿದ್ದವೆಂಬುದು ನಿಮಗೆ ಗೊತ್ತು. ಅದರ ಮುಂದಿನ ವರ್ಷ ವರದಾ ದಂಡೆಯ ಒಂದು ಊರಿಗೆ ಹೋಗಿದ್ದೆ. ಅಲ್ಲಿನ ಒಬ್ಬ ಅವ್ವನ ಮನೆಯ ಹಿಂದಿನ ಗೋಡೆ ಬಿದ್ದು, ಅದರ ಮಾಡದಲ್ಲಿದ್ದ ಗಡಿಗೆ ಒಡೆದಿತ್ತು. ಟ್ರಂಕಿನಲ್ಲಿದ್ದ ನೋಟುಗಳು ಮುದ್ದೆಯಾಗಿದ್ದವು. ಗಡಿಗೆಯಲ್ಲಿದ್ದ ಐದು ರಾಜನ ರೂಪಾಯಿ ಕೆಸರಿನಲ್ಲೇ ಸಿಕ್ಕವು. ನೆರೆ ಇಳಿದ ವಾರದಲ್ಲೇ ಒಬ್ಬ ವ್ಯಾಪಾರಿ ಬಂದು, ಕಪ್ಪಾಗಿವೆ ಎಂದು ತೂಕಕ್ಕಿಂತ ಕಡಿಮೆಗೆ ನಾಲ್ಕನ್ನು ಒಯ್ದಿದ್ದ. ಮನೆಗೆ ಪತ್ರಾಸು ಬೇಕಾಗಿತ್ತು, ಕೊಟ್ಟಿದ್ದಳು.

ಐದನೆಯದನ್ನು ನನ್ನ ಕೈಯಲ್ಲಿಟ್ಟು, "ನೋಡು ತಮ್ಮಾ, ತಿಕ್ಕಬ್ಯಾಡ. ನಮ್ಮತ್ತಿ ಕೊಟ್ಟಿದ್ದು, ಗ್ವಾಡಿ ಮಣ್ಣು ಇನ್ನಾ ಅದಕ್ಕ ಹತ್ತೇತಿ" ಅಂದಳು. ನಾನು ಬೆಲೆ ಕೇಳಲಿಲ್ಲ. ಫೋಟೊ ತೆಗೆದುಕೊಂಡು, ಅವಳು ಹೇಳಿದ್ದನ್ನು ಬರೆದುಕೊಂಡು ಬಂದೆ. ನನ್ನ ಸಂಗ್ರಹದ ಅರ್ಧದಷ್ಟು ಹೀಗೆ ಬರೀ ಬರಹವೇ. ಉಳಿದವೂ ನೆರೆ ಬಂದು ಒಂದು ವರ್ಷವಾದ ಮೇಲೆ, ಮನೆ ನಿಂತ ಮೇಲೆ ಕೊಂಡವು. ಕೈ ಕಟ್ಟಿದ ಹೊತ್ತಿನಲ್ಲಿ ಕೊಳ್ಳುವುದನ್ನು ಸಂಗ್ರಹ ಎನ್ನಲು ನನಗೆ ಮನಸ್ಸಿಲ್ಲ. ಇದನ್ನು ಒಪ್ಪದ ಸಂಗ್ರಾಹಕ ಮಿತ್ರರೂ ಇದ್ದಾರೆ; ದುಡ್ಡು ಬೇಕಾದಾಗಲೇ ಕೊಡಬೇಕಲ್ಲವೇ ಎನ್ನುತ್ತಾರೆ. ಹಾಗಿದ್ದರೆ ಪೂರ್ತಿ ಬೆಲೆ ಕೊಡಲಿ.

ನೆರೆಯಲ್ಲಿತ್ತು ಎಂದು ನಾಣ್ಯ ತಾನೇ ಹೇಳುವುದಿಲ್ಲ. ಕಪ್ಪು ಬಣ್ಣವನ್ನು ಯಾರು ಬೇಕಾದರೂ ತರಿಸಬಹುದು. ಯಾವ ಊರು, ಯಾವ ಗೋಡೆ, ಯಾವ ದಿನ ಎಂದು ಬರೆದಿಟ್ಟರೆ ಮಾತ್ರ ಅದಕ್ಕೆ ಸಾಕ್ಷಿ. ಆದ್ದರಿಂದ ಮನೆಯಲ್ಲಿ ಅಂಥದ್ದಿದ್ದರೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ಸಡಿಲ ಮಣ್ಣನ್ನು ಮಳೆನೀರಿನಲ್ಲಿ ನೆನೆಸಿ ಬಿಡಿಸಿ, ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ಹೊಲದಲ್ಲೋ ಹಗೇವಿನಲ್ಲೋ ಹೂತಿಟ್ಟ ಹಳೆಯ ನಿಧಿ ಸಿಕ್ಕರೆ ಮಾತ್ರ ಮಾತು ಬೇರೆ. 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಎಂಟನೇ ತರಗತಿಯ ಕೋಣೆಯಲ್ಲಿ ನನ್ನ ನಾಣ್ಯಗಳನ್ನು ಇಟ್ಟಿದ್ದೇನೆ. ಪಕ್ಕದಲ್ಲೇ ಒಂದು ದಪ್ಪ ನೋಟ್‌ಬುಕ್ ಇದೆ. ನಿಮ್ಮ ಮನೆಗೆ ನೀರು ಬಂದದ್ದು ಯಾವಾಗ, ಏನು ಉಳಿಯಿತು, ಹಿರಿಯರು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಸಂಜೆ ಐದರ ತನಕ ಅಲ್ಲೇ ಇರುತ್ತೇನೆ.