ತಾಯಿಗೂ ಕೂಸಿಗೂ ಒಂದೇ ಗಾಡಿ



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಮಾತಾಡುವ ಸಭೆಯಲ್ಲಿ ಆಂಬುಲೆನ್ಸ್ ಸುದ್ದಿ ಯಾಕೆ ಅಂತ ಕೇಳಬಹುದು. ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗುತ್ತದೆ. ಕೂಸಿನ ತೂಕ ಕಡಿಮೆ, ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ ಅನ್ನುತ್ತಾರೆ. ಗಂಡನೋ ಅತ್ತೆಯೋ ಕೂಸಿನ ಜೊತೆ ಹತ್ತುತ್ತಾರೆ, ಹೆತ್ತವಳು ಮಂಚದ ಮೇಲೇ ಉಳಿಯುತ್ತಾಳೆ. ಎಷ್ಟೋ ಸಲ ಅವಳನ್ನು ಒಂದು ಮಾತೂ ಕೇಳುವುದಿಲ್ಲ. ಹುಟ್ಟಿದ್ದು ಹೆಣ್ಣು, ತವರಿನಿಂದ ಬರಬೇಕಾದ್ದೂ ಬಾಕಿ ಅಂದರೆ ‘ಅಷ್ಟು ದೂರದ ಖರ್ಚು ಯಾರದು’ ಎಂಬ ಮಾತೂ ಅಲ್ಲೇ ಹುಟ್ಟುತ್ತದೆ.

ಖರ್ಚಿನ ಮಾತು ನಿಲ್ಲದು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ದೊಡ್ಡ ಆಸ್ಪತ್ರೆಗೆ ಒಯ್ಯುವ ಗಾಡಿ, ಮನೆಗೆ ಬಿಡುವ ಗಾಡಿ ಎಲ್ಲ ಪುಕ್ಕಟೆ.

ಇನ್ನು ತಾಯಿ ಯಾಕೆ ಬೇಕು? ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಕಾವುಪೆಟ್ಟಿಗೆಗಳು ಸಾಲದಾದಾಗ ಸಣ್ಣ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಕಾಂಗರೂ ಆರೈಕೆ ಎಂದರೆ ಇದೇ. ದೆಹಲಿಯ ಆಸ್ಪತ್ರೆಯೊಂದೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ಕೂಸು ಚೇತರಿಸಲಿ ಎಂದು ಕಾಯದೆ, ಹುಟ್ಟಿದೊಡನೆ ಎದೆಗಿಟ್ಟಾಗ ಸಾವು ಕಾಲು ಭಾಗ ಕಡಿಮೆಯಾಯಿತು. ಯಾವ ಯಂತ್ರವೂ ಅಲ್ಲ, ಬಾಣಂತಿಯ ಮೈಶಾಖ!

ಆದ್ದರಿಂದ ಸಂಘದ ಇಬ್ಬರಾದರೂ ಆಸ್ಪತ್ರೆಗೆ ಹೋಗಿ. ತಾಯಿ ಪ್ರಯಾಣ ಮಾಡಬಲ್ಲಳೇ ಎಂದು ಡಾಕ್ಟರನ್ನು ಕೇಳಿ, ಹೌದೆಂದರೆ ಅದೇ ಗಾಡಿಗೆ ಹತ್ತಿಸಿ. ಕೂಸಿಗೆ ಆಮ್ಲಜನಕ ಬೇಕಿದ್ದರೆ ಎದೆಗಿಡುವ ವಿಷಯದಲ್ಲಿ ಡಾಕ್ಟರ ಮಾತೇ ಮೊದಲು. ರಕ್ತಸ್ರಾವವಾಗಿ ಅವಳು ಹೊರಡಲಾಗದಿದ್ದರೆ, ಕೂಸು ಯಾವ ಆಸ್ಪತ್ರೆ, ಯಾವ ವಾರ್ಡಿನಲ್ಲಿದೆ ಎಂದು ಬರೆಸಿ ಚೀಟಿಯನ್ನು ಅವಳ ಕೈಗೇ ಕೊಡಿ, ಗಂಡನ ಜೇಬಿಗಲ್ಲ. ಅವಳನ್ನು ಅಲ್ಲಿಗೆ ಸೇರಿಸುವ ಗಾಡಿ ಯಾವಾಗ ಎಂಬುದನ್ನೂ ಅಂದೇ ಕೇಳಿಕೊಂಡು ಬನ್ನಿ.