ಹೊಳೆಗೆ ಇಳಿಯುವ ದಾರಿ ಯಾರದು?

(ಬೈಲಹೊಂಗಲದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕನೂ ಎಂಬ ಉದ್ದನೆಯ ಹಗುರ ದೋಣಿಯನ್ನು ಮಲಪ್ರಭೆಯಲ್ಲಿ ನಾವೂ ನಡೆಸಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ದೋಣಿಯ ಮಾತು ಆಮೇಲೆ. ಅದನ್ನು ಹೊತ್ತುಕೊಂಡು ನೀರಿನ ತನಕ ಹೋಗುವುದು ಯಾವ ದಾರಿಯಿಂದ?

ಒಂದು ಸ್ವಾರಸ್ಯ ಹೇಳುತ್ತೇನೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ಮಲಪ್ರಭೆಯ ಒಂದು ಭಾಗವೂ ಇದೆ. ಅದರ ಸಂಖ್ಯೆ 67. ಬೇಸಿಗೆಯಲ್ಲಿ ರಾಮದುರ್ಗದ ಹತ್ತಿರ ಹೊಳೆಯನ್ನು ನೋಡಿದವರಿಗೆ ನಗು ಬಂದೀತು. ಆದರೆ ಹೊಳೆ ಎಂಬುದು ಸಂಚಾರದ ಹಾದಿ ಎಂಬ ಮಾತು ಹೊಸದಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ ಡೊಮಿಂಗೊ ಪಾಯಸ್, ಜನ ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ಆನೆಗೊಂದಿಗೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಅದೇ ನಮ್ಮ ಹರಿಗೋಲು. ಇಂದು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಅಷ್ಟೇ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರು ಕಾಯಕದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು.

ಹರಿಗೋಲು ಇದ್ದಲ್ಲಿ ಕಡವು, ಕಡವು ಇದ್ದಲ್ಲಿ ಊರಿನಿಂದ ದಂಡೆಯವರೆಗೆ ದಾರಿ. ಸೇತುವೆ ಬಂದ ಮೇಲೆ ಅಂಬಿಗನ ಕೆಲಸ ಹೋಯಿತು. ದಾರಿ ಬಳಕೆ ತಪ್ಪಿದರೆ ಹೊಲದ ಬದು ಮೆಲ್ಲಗೆ ಸರಿಯುತ್ತದೆ. ಎರಡು ಬೆಳೆ ಕಬ್ಬು ಬಂದರೆ ಅಲ್ಲಿ ದಾರಿ ಇತ್ತೆಂದು ಹೇಳುವವರೂ ಇರುವುದಿಲ್ಲ. ಎಂ.ಕೆ. ಹುಬ್ಬಳ್ಳಿಯಲ್ಲಿ ಹೊಳೆಯ ನಡುವೆ ಗಂಗಾಂಬಿಕೆಯ ಐಕ್ಯಮಂಟಪವಿದೆ, ಭಕ್ತರು ಬರುತ್ತಾರೆ, ಹಾಗಾಗಿ ಅಲ್ಲಿ ದಾರಿ ಉಳಿದಿದೆ. ದೇವರಿಲ್ಲದ ದಂಡೆಯ ಗತಿಯೇನು?

ಕಾನೂನು ಇಲ್ಲಿ ಜನರ ಕಡೆಗಿದೆ ಎಂದೇ ನನ್ನ ಅಭಿಪ್ರಾಯ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ನದಿ, ಹಳ್ಳಗಳ ತಳವೂ ಹರಿಯುವ ನೀರೂ ಸಾರ್ವಜನಿಕ ದಾರಿಗಳೂ ಸರಕಾರದ ಸ್ವತ್ತು. ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಕಿತ್ತೂರು, ಬೈಲಹೊಂಗಲ, ಸವದತ್ತಿಗಳಿಗೆ 1879ರ ಸಂಹಿತೆಯಲ್ಲೂ ಇಂಥದೇ ನಿಯಮವಿತ್ತು. (ರಾಮದುರ್ಗ ಆಗ ಬೇರೆ ಸಂಸ್ಥಾನ.) ಮುಂದಿನ 68ನೆಯ ಕಲಮು ಇನ್ನೂ ಮುಖ್ಯ. ಸಾರ್ವಜನಿಕ ದಾರಿಯ ಮೇಲೆ ಜನರ ಹಕ್ಕು ಸುಮ್ಮನೆ ಅಳಿಯುವುದಿಲ್ಲ; ಸರಕಾರ ಪ್ರಕಟಣೆ ಹೊರಡಿಸಿ, ತಕರಾರು ಕೇಳಿ, ಆಮೇಲಷ್ಟೇ ರದ್ದು ಮಾಡಬೇಕು. 1996ರಲ್ಲಿ ಬಿಯಾಸ್ ನದಿಯ ದಂಡೆಯ ಹೋಟೆಲೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನದಿಯಂಥ ಸಂಪತ್ತಿಗೆ ಸರಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂಬ ತತ್ವವನ್ನು ಎತ್ತಿ ಹಿಡಿಯಿತು. ಹಾಗೆಂದು ಯಾರದೋ ಬೆಳೆ ತುಳಿದು ಹೊಳೆಗೆ ಇಳಿಯುವ ಹಕ್ಕು ಇದರಿಂದ ಸಿಗುವುದಿಲ್ಲ. ಹೊಲ ರೈತನದು, ಹೊಳೆ ಎಲ್ಲರದು. ನಡುವಿನ ದಾರಿಯದೇ ತಂಟೆ.

ಮಲಪ್ರಭೆಯ ನೀರಿಗಾಗಿ ನಾವು ಬಹಳ ಮಾತಾಡಿದ್ದೇವೆ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಕಾಲುವೆ ಕರದ ವಿರುದ್ಧ ಎದ್ದ ರೈತರು ಗುಂಡಿಗೆ ಬಲಿಯಾದರು. ಕಳಸಾ-ಬಂಡೂರಿ ಹೋರಾಟ ನಿಮಗೆ ಗೊತ್ತೇ ಇದೆ. ಇಷ್ಟಾದರೂ ಹೊಳೆಗೆ ಇಳಿಯುವ ದಾರಿಯ ಮಾತು ಸಭೆಗಳಲ್ಲಿ ಕೇಳುವುದು ಅಪರೂಪ.

ಇನ್ನು ದೋಣಿ. ನವಿಲುತೀರ್ಥದಲ್ಲಿ ಹೊಳೆ ಗುಡ್ಡವನ್ನು ಸೀಳಿಕೊಂಡು ಹೊರಡುವ ಕಮರಿಯಲ್ಲೇ ಅಣೆಕಟ್ಟು ಕಟ್ಟಿದೆ. ಹಿಂದಿನ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ. ಹುಬ್ಬಳ್ಳಿ-ಧಾರವಾಡದವರು ಕುಡಿಯುವ ನೀರು ಇದು. ಆದ್ದರಿಂದ ಎಣ್ಣೆ ಸೋರುವ ಮೋಟಾರು ದೋಣಿ ಬೇಡ, ಹುಟ್ಟಿನ ದೋಣಿ ಸಾಕು. ಎಂಜಿನ್ ಇಲ್ಲದ ದೋಣಿಗಳನ್ನು ಪಂಚಾಯತಿಯಂಥ ಸ್ಥಳೀಯ ಸಂಸ್ಥೆಗಳಲ್ಲಿ ದಾಖಲಿಸಲು 2021ರ ಒಳನಾಡು ಹಡಗು ಕಾಯ್ದೆ ಅವಕಾಶ ಕೊಟ್ಟಿದೆ. ಕಟ್ಟೆಯ ಸಮೀಪಕ್ಕೆ ಮಾತ್ರ ಯಾರೂ ಹೋಗಬಾರದು. ಕೆಳಗಿನ ಹೊಳೆಯ ನೀರು ಗೇಟಿನ ಮಾತು ಕೇಳುತ್ತದೆ. 2019ರ ಆಗಸ್ಟಿನಲ್ಲಿ ಮುನವಳ್ಳಿ, ರಾಮದುರ್ಗದವರು ಅದನ್ನು ಮನೆಯೊಳಗೇ ಕಂಡರು. ನೀರು ಬಿಡುವ ವೇಳೆ ಮೊದಲೇ ತಿಳಿಯದೆ ಅಲ್ಲಿ ದೋಣಿ ಇಳಿಸುವುದು ಹುಚ್ಚುತನ.

ನಿಮ್ಮ ಊರಿನ ಗ್ರಾಮ ನಕಾಶೆ ಸರ್ವೆ ಇಲಾಖೆಯಲ್ಲಿ ಸಿಗುತ್ತದೆ. ಬಂಡಿದಾರಿಯನ್ನು ಅದರಲ್ಲಿ ಗೆರೆಗಳಿಂದ ತೋರಿಸಿರುತ್ತಾರೆ. ಆ ಗೆರೆ ಹೊಳೆಯವರೆಗೂ ಹೋಗಿದೆಯೇ ನೋಡಿ. ಹೋಗಿದ್ದರೆ ನಕಲು ಪಡೆದು, ಅಳತೆ ಮಾಡಿಸಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಹಾಕಿ. ದೋಣಿ ಕೊಳ್ಳುವುದು ಅದಾದ ಮೇಲೆ.